ವಿಕ್ಟೋರಿಯಾ ಕಾಲದ ಕಲಾವಿದ್ಯಾರ್ಥಿಗಳೂ ವಾಸ್ತುಚಿತ್ರಲೇಖನವೂ

೧

ಹಳೆಯ ಓಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಗ್ರಂಥಸಂಪಾದನೆಯ ಕೆಲಸ ಮಾಡಿದವರಿಗೆ ಎರಡು ಬಗೆಯ ಲಿಪಿಕಾರರ ಪರಿಚಯವಿರುವುದು. ಒಬ್ಬನು, ಅರ್ಥವಾಗಲಿ ಆಗದಿರಲಿ, ತನ್ನ ಕಣ್ಣಿಗೆ ಬಿದ್ದ ಅಕ್ಷರವನ್ನೇ ಬರೆದು, ಹುಳು ತಿಂದ ಎಡೆಯಲ್ಲಿ ಜಾಗ ಬಿಟ್ಟು ಮುಂದೆ ಸಾಗುತ್ತಾನೆ. ಇನ್ನೊಬ್ಬನು ತಾನೂ ಛಂದಸ್ಸನ್ನು ಬಲ್ಲವನೆಂಬ ಧೈರ್ಯದಿಂದ ತ್ರುಟಿತವಾದುದನ್ನು ತುಂಬಿ, ತಪ್ಪೆಂದು ತೋರಿದುದನ್ನು ತಿದ್ದಿ, ನೋಡಲು ಅಂದವಾದ ಪ್ರತಿಯನ್ನು ಸಿದ್ಧಪಡಿಸುತ್ತಾನೆ. ಓದುವವನಿಗೆ ಎರಡನೆಯ ಪ್ರತಿ ಹಿತವಾಗಿರಬಹುದು. ಸಂಪಾದಕನಿಗೆ ಆಧಾರವಾಗುವುದು ಮೊದಲನೆಯದೇ. ಮೂಲದ ಓಲೆ ನಷ್ಟವಾದ ಮೇಲಂತೂ ಇವೆರಡರ ಬೆಲೆಯಲ್ಲಿರುವ ಅಂತರವು ಪೂರ್ತಿಯಾಗಿ ಗೊತ್ತಾಗುವುದು.

ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ಮಹಾರಾಣಿಯ ಆಳಿಕೆಯ ಕಾಲದಲ್ಲಿ (೧೮೩೭–೧೯೦೧) ಕಲಾಶಾಲೆಗಳ ವಿದ್ಯಾರ್ಥಿಗಳೂ ವಾಸ್ತುಶಿಲ್ಪಿಗಳ ಕಚೇರಿಗಳಲ್ಲಿದ್ದ ಉಮೇದುವಾರರೂ ಹಳೆಯ ಕಟ್ಟಡಗಳನ್ನು ನೋಡಿ ಬರೆದ ಚಿತ್ರಗಳಲ್ಲಿ ಈ ಇಬ್ಬರು ಲಿಪಿಕಾರರನ್ನೂ ಗುರುತಿಸಬಹುದು. ಚಿತ್ರಲೇಖನವನ್ನು ಹೇಗೆ ಕಲಿಸಬೇಕೆಂಬ ವಿಷಯದಲ್ಲಿ ಆ ಕಾಲದಲ್ಲಿ ದೊಡ್ಡ ವಾದವೇ ನಡೆಯಿತು. ಅದನ್ನು ಶಿಕ್ಷಣಪದ್ಧತಿಯ ವಾದವೆಂದು ವರ್ಣಿಸುವುದು ವಾಡಿಕೆ. ಆದರೆ ಅದರ ತಿರುಳಿನಲ್ಲಿದ್ದುದು ಬೇರೊಂದು ಪ್ರಶ್ನೆ: ಹಳೆಯ ಕಟ್ಟಡದ ನಿಷ್ಠವಾದ ಪ್ರತಿ ಎಂದರೆ ಯಾವುದು? ಇದ್ದುದನ್ನು ಇದ್ದಂತೆಯೇ ತೋರಿಸುವುದೋ, ಇರಬೇಕಾಗಿದ್ದಂತೆ ತೋರಿಸುವುದೋ? ಈ ಪ್ರಶ್ನೆಗೆ ದೊರೆತ ಉತ್ತರವನ್ನು ಅನುಸರಿಸಿ ಎಷ್ಟೋ ಕಟ್ಟಡಗಳು ಉಳಿದವು, ಎಷ್ಟೋ ಅಳಿದವು. ನಮ್ಮ ನಾಡಿನ ಬಾದಾಮಿ, ವಿಜಯಾಪುರ ಮೊದಲಾದ ಸ್ಥಳಗಳ ಕಟ್ಟಡಗಳನ್ನು ಕುರಿತ ಮೊದಲ ಅಳತೆಚಿತ್ರಗಳೂ ಅದೇ ಕಾಲದಲ್ಲಿ ಹುಟ್ಟಿದವಾದ್ದರಿಂದ ಈ ವಿಚಾರವು ನಮಗೆ ಹೊರಗಿನದಲ್ಲ.

೨

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನಲ್ಲಿ ವಾಸ್ತುಶಿಲ್ಪವನ್ನು ಕಲಿಯಬೇಕೆಂಬ ಹುಡುಗನಿಗೆ ಶಾಲೆಯೆಂಬುದು ಇಲ್ಲವೆಂದೇ ಹೇಳಬೇಕು. ತಂದೆಯಾದವನು ಹಣ ತೆತ್ತು ಅವನನ್ನು ಒಬ್ಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲವು ವರ್ಷಗಳ ಕರಾರಿನ ಮೇಲೆ ಸೇರಿಸುವನು. ಅಲ್ಲಿ ಅವನು ಹಿರಿಯರು ಬರೆದ ನಕ್ಷೆಗಳನ್ನು ಮತ್ತೆ ಮತ್ತೆ ಪ್ರತಿ ಮಾಡುತ್ತ ಕೈ ಪಳಗಿಸಿಕೊಳ್ಳುವನು. ೧೭೬೮ರಲ್ಲಿ ಸ್ಥಾಪಿತವಾದ ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಗಳಲ್ಲಿ ವಾಸ್ತುವಿದ್ಯಾರ್ಥಿಗಳಿಗೂ ಪ್ರವೇಶವಿದ್ದಿತು. ಆದರೆ ಅವರಿಗೆ ಅಲ್ಲಿ ದೊರೆಯುತ್ತಿದ್ದುದು ಮುಖ್ಯವಾಗಿ ವರ್ಷಕ್ಕೆ ಕೆಲವು ಉಪನ್ಯಾಸಗಳು, ಪುಸ್ತಕಭಂಡಾರದ ಬಳಕೆ ಮತ್ತು ಪದಕಕ್ಕಾಗಿ ಸ್ಪರ್ಧೆ. ಹಗಲೆಲ್ಲ ಕಚೇರಿ, ಬಿಡುವಿನ ವೇಳೆಯಲ್ಲಿ ಅಕಾಡೆಮಿ, ಇದು ಅವರ ಜೀವನಕ್ರಮ.

ಕಚೇರಿಯಿಂದ ಹೊರಗೆ ಹೋಗಿ ಕಟ್ಟಡದ ಎದುರಿಗೇ ನಿಂತು ಕಲಿಯುವ ಅಭ್ಯಾಸವನ್ನು ಬೆಳೆಸಿದವರಲ್ಲಿ ಆಗಸ್ಟಸ್ ಚಾರ್ಲ್ಸ್ ಪ್ಯೂಜಿನ್ ಎಂಬ ಫ್ರೆಂಚ್ ಮೂಲದ ಚಿತ್ರಕಾರನು ಮುಖ್ಯನು. ಇವನು ತನ್ನ ಮನೆಯಲ್ಲೇ ಚಿತ್ರಲೇಖನದ ಶಾಲೆಯೊಂದನ್ನು ನಡೆಸಿ, ಶಿಷ್ಯರನ್ನು ಊರೂರಿಗೆ ಕರೆದುಕೊಂಡು ಹೋಗಿ, ಮಧ್ಯಯುಗದ ಇಗರ್ಜಿಗಳ ಕಿಟಕಿ ಬಾಗಿಲುಗಳನ್ನು ಅಳೆಯಿಸಿ ಬರೆಯಿಸುತ್ತಿದ್ದನು. ಗಾಥಿಕ್ ವಾಸ್ತುವಿನ ಮಾದರಿಗಳೆಂಬ ಅವನ ಗ್ರಂಥವು ೧೮೨೧ರಿಂದ ೧೮೨೩ರವರೆಗೆ ಪ್ರಕಟವಾಯಿತು. ಅದರ ಉದ್ದೇಶವು ಹೊಸದಾಗಿ ಗಾಥಿಕ್ ಶೈಲಿಯಲ್ಲಿ ಕಟ್ಟುವವರಿಗೆ ಸರಿಯಾದ ಮಾದರಿಗಳನ್ನು ಒದಗಿಸುವುದು. ಆ ಶಾಲೆಯಲ್ಲಿ ಬೆಳೆದ ಅವನ ಮಗ ಆಗಸ್ಟಸ್ ವೆಲ್ಬಿ ಪ್ಯೂಜಿನ್ನನೇ ಮುಂದೆ ಗಾಥಿಕ್ ಪುನರುಜ್ಜೀವನದ ಪ್ರವರ್ತಕನಾದನು. ವಿಕ್ಟೋರಿಯಾ ಕಾಲದ ವಾಸ್ತುಚಿತ್ರವು ಹುಟ್ಟಿನಿಂದಲೇ ಎರಡು ಒಡೆಯರ ಸೇವೆಯಲ್ಲಿದ್ದಿತೆಂಬುದನ್ನು ಇಲ್ಲಿಯೇ ಗಮನಿಸಬೇಕು. ಅದು ಹಳೆಯದರ ದಾಖಲೆಯೂ ಹೌದು, ಹೊಸದಕ್ಕೆ ಮಾದರಿಯೂ ಹೌದು. ದಾಖಲೆಗೆ ಬೇಕಾದುದು ಕಟ್ಟಡದ ಸೊಟ್ಟು, ಸವೆತ, ಬಿರುಕು ಎಲ್ಲವೂ. ಮಾದರಿಗೆ ಬೇಕಾದುದು ಅವೆಲ್ಲ ನೀಗಿದ ಶುದ್ಧರೇಖೆ.

ಅಳತೆಚಿತ್ರವೆಂಬುದನ್ನು ಬರೆಯುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ವಿದ್ಯಾರ್ಥಿಯು ಮೊದಲು ಕಟ್ಟಡದ ಮುಂದೆ ನಿಂತು ಕೈಯಿಂದಲೇ ಒರಟಾದ ನಕ್ಷೆಯನ್ನು ಬರೆದುಕೊಳ್ಳುವನು. ಆಮೇಲೆ ಅಳತೆಪಟ್ಟಿ, ಅಳತೆಕೋಲು, ನೂಲಿಗೆ ಕಟ್ಟಿದ ತೂಕದ ಗುಂಡು ಇವುಗಳ ಸಹಾಯದಿಂದ ಒಂದೊಂದು ಅಂಗದ ಉದ್ದಗಲ ಎತ್ತರಗಳನ್ನು ತೆಗೆದು ಆ ನಕ್ಷೆಯಲ್ಲಿ ಅಂಕಿಗಳಾಗಿ ಗುರುತಿಸುವನು. ಮನೆಗೆ ಬಂದ ಮೇಲೆ ಹಲಗೆಗೆ ಬಿಗಿದ ದಪ್ಪ ಕಾಗದದ ಮೇಲೆ ಕೈವಾರ, ಅಳತೆಪಟ್ಟಿಗಳಿಂದ ಮೂರು ಚಿತ್ರಗಳನ್ನು ಹೊಂದಿಸಿ ಬರೆಯುವನು: ನೆಲದ ಮೇಲೆ ಕಟ್ಟಡದ ವಿಸ್ತಾರವನ್ನು ತೋರಿಸುವ ತಳವಿನ್ಯಾಸ, ಎದುರಿನ ರೂಪವನ್ನು ತೋರಿಸುವ ಮುಖಚಿತ್ರ, ಕಟ್ಟಡವನ್ನು ನಡುವೆ ಸೀಳಿದಂತೆ ಒಳಗನ್ನು ತೋರಿಸುವ ಛೇದಚಿತ್ರ. ಕಣ್ಣಿನ ನೋಟಕ್ಕೆ ದೂರದ್ದು ಚಿಕ್ಕದಾಗಿ ಕಾಣುವುದನ್ನು ಇವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲವೂ ಒಂದೇ ಪ್ರಮಾಣದಲ್ಲಿರುವುವು. ಆದುದರಿಂದ ಇಂತಹ ಚಿತ್ರವು ಯಾವ ಮನುಷ್ಯನೂ ಎಲ್ಲಿಯೂ ನಿಂತು ನೋಡಲಾರದ ಒಂದು ನೋಟ. ನೋಟದ ನಷ್ಟವನ್ನು ಒಪ್ಪಿಕೊಂಡು ಅಳತೆಯ ಸತ್ಯವನ್ನು ಅದು ಗಳಿಸಿಕೊಳ್ಳುತ್ತದೆ. ಒಂದೇ ಸಾಲಿನ ಹತ್ತು ಕಮಾನುಗಳಲ್ಲಿ ಒಂದನ್ನು ಅಳೆದು ಉಳಿದ ಒಂಬತ್ತನ್ನು ಅದರಂತೆಯೇ ಎಳೆದುಬಿಡುವ ವಿದ್ಯಾರ್ಥಿಯು ಮಾತ್ರ ಆ ಸತ್ಯವನ್ನೂ ಕಳೆದುಕೊಳ್ಳುವನು.

೩

ಚಿತ್ರಲೇಖನದ ಸರ್ಕಾರಿ ಶಿಕ್ಷಣವು ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ತಿಂಗಳಿನಲ್ಲಿಯೇ ಆರಂಭವಾಯಿತು. ಬ್ರಿಟಿಷ್ ಕೈಗಾರಿಕೆಯ ಸರಕುಗಳು ಅಂದದಲ್ಲಿ ಫ್ರಾನ್ಸಿನ ಸರಕುಗಳಿಗೆ ಸಮನಾಗಿಲ್ಲವೆಂಬ ಕಳವಳದಿಂದ ಪಾರ್ಲಿಮೆಂಟು ನೇಮಿಸಿದ ಸಮಿತಿಯು ೧೮೩೫–೩೬ರಲ್ಲಿ ವಿಚಾರಣೆ ನಡೆಸಿತು. ಅದರ ಫಲವಾಗಿ ೧೮೩೭ನೆಯ ಜೂನ್ ತಿಂಗಳಿನಲ್ಲಿ ಲಂಡನ್ನಿನ ಸಾಮರ್ಸೆಟ್ ಹೌಸಿನಲ್ಲಿ ವಿನ್ಯಾಸಶಾಲೆಯು ತೆರೆಯಿತು. ಅದರ ಮೊದಲ ನಿರ್ದೇಶಕನಾದ ಪ್ಯಾಪ್‌ವರ್ತನು ವಾಸ್ತುಶಿಲ್ಪಿ. ಅವನ ತರುವಾಯ ಬಂದ ವಿಲಿಯಂ ಡೈಸನು ಜರ್ಮನಿ ಫ್ರಾನ್ಸುಗಳ ಶಾಲೆಗಳನ್ನು ನೋಡಿಬಂದು, ಸರಳರೇಖೆ ಮತ್ತು ವೃತ್ತಗಳಿಂದ ಹಿಡಿದು ಅಲಂಕಾರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಪಾಠಪುಸ್ತಕವನ್ನು ರಚಿಸಿದನು. ಶಾಲೆಯು ನೇಯ್ಗೆ, ಕುಂಬಾರಿಕೆ, ಲೋಹದ ಕೆಲಸ ಮೊದಲಾದುವುಗಳಿಗೆ ಅಲಂಕಾರಗಾರರನ್ನು ತಯಾರಿಸಲು ಹುಟ್ಟಿದುದೇ ಹೊರತು ಚಿತ್ರಕಾರರನ್ನಾಗಲಿ ವಾಸ್ತುಶಿಲ್ಪಿಗಳನ್ನಾಗಲಿ ತಯಾರಿಸುವುದಕ್ಕಲ್ಲ.

೧೮೫೧ರ ಮಹಾಪ್ರದರ್ಶನದ ಅನಂತರ ಈ ಏರ್ಪಾಟೆಲ್ಲ ಹೆನ್ರಿ ಕೋಲನ ಕೈಗೆ ಬಂದಿತು. ಅವನೂ ಚಿತ್ರಕಾರ ರಿಚರ್ಡ್ ರೆಡ್‌ಗ್ರೇವನೂ ಕೂಡಿ ೧೮೫೨ರಿಂದ ಮುಂದೆ ದೇಶಕ್ಕೆಲ್ಲ ಒಂದೇ ಪಾಠಕ್ರಮವನ್ನು ಗೊತ್ತುಮಾಡಿದರು. ೧೮೫೭ರಲ್ಲಿ ಇಲಾಖೆಯು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಎಂಬ ಭಾಗಕ್ಕೆ ವರ್ಗವಾದುದರಿಂದ ಆ ಪದ್ಧತಿಗೆ ಅದೇ ಹೆಸರು ನಿಂತಿತು. ಈ ಪಾಠಕ್ರಮದಲ್ಲಿ ೨೩ ಘಟ್ಟಗಳು. ಮೊದಲನೆಯ ಘಟ್ಟದಲ್ಲಿಯೇ ಉಪಕರಣಗಳ ಸಹಾಯದಿಂದ ರೇಖಾಗಣಿತದ ಆಕೃತಿಗಳನ್ನೂ ಯಂತ್ರಗಳ ಮತ್ತು ಕಟ್ಟಡಗಳ ಅಂಗಗಳನ್ನೂ ಅಚ್ಚಿನ ಮಾದರಿಯಿಂದ ನಕಲು ಮಾಡಬೇಕಾಗಿದ್ದಿತು. ಅಲ್ಲಿಂದ ಮುಂದೆ ಬರಿಗೈಯಿಂದ ಅಲಂಕಾರಗಳ ಹೊರರೇಖೆ, ಪ್ಲ್ಯಾಸ್ಟರಿನ ಪ್ರತಿಕೃತಿಗಳ ಛಾಯಾಲೇಖನ, ಮನುಷ್ಯನ ಆಕೃತಿ, ಹೂ ಎಲೆಗಳು, ವರ್ಣ, ಮಣ್ಣಿನ ರೂಪಣೆ, ಹೀಗೆ ಸಾಗಿ, ೨೨ನೆಯ ಘಟ್ಟದಲ್ಲಿ ವಿನ್ಯಾಸದ ಪ್ರಾರಂಭಪಾಠ. ಕಟ್ಟಕಡೆಯ ೨೩ನೆಯದರಲ್ಲಿ ಸ್ವಂತ ವಿನ್ಯಾಸದ ಪ್ರಯೋಗ. ವಾಸ್ತುಶಿಲ್ಪವು ಈ ಏಣಿಯ ಮೊದಲ ಮೆಟ್ಟಿಲಿನಲ್ಲಿ ನಕಲಾಗಿಯೂ ಕೊನೆಯ ಮೆಟ್ಟಿಲಿನಲ್ಲಿ ರಚನೆಯಾಗಿಯೂ ಕಾಣಿಸಿಕೊಳ್ಳುವುದು. ನಡುವಣ ದಾರಿಯಲ್ಲಿಯೇ ನಿಂತುಹೋದ ವಿದ್ಯಾರ್ಥಿಗಳೇ ಹೆಚ್ಚು.

ಈ ಪದ್ಧತಿಯಲ್ಲಿ ಚೊಕ್ಕಟವಾದ ಮುಕ್ತಾಯಕ್ಕೆ ಅತಿಶಯವಾದ ಬೆಲೆಯಿದ್ದಿತು. ಪ್ಲ್ಯಾಸ್ಟರಿನ ಒಂದು ಎಲೆಯಲಂಕಾರದ ನೆರಳನ್ನು ಕಪ್ಪು ಸೀಮೆಸುಣ್ಣದಿಂದ ತೀಡಿ, ಮೊನೆಯಿಂದ ಚುಕ್ಕಿ ಚುಕ್ಕಿಯಾಗಿ ತುಂಬಿ, ಹೆಚ್ಚು ಕಪ್ಪಾದ ಚುಕ್ಕಿಗಳನ್ನು ಬ್ರೆಡ್ಡಿನ ತುಣುಕಿನಿಂದ ಎತ್ತಿ, ಒಂದೇ ಹಾಳೆಯ ಮೇಲೆ ತಿಂಗಳುಗಟ್ಟಲೆ ವಿದ್ಯಾರ್ಥಿಗಳು ಕುಳಿತಿರುತ್ತಿದ್ದರು. ಊರೂರಿನ ಶಾಲೆಗಳಿಂದ ಆಯ್ದ ಚಿತ್ರಗಳು ವರ್ಷವರ್ಷವೂ ಲಂಡನ್ನಿನ ರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತಿದ್ದವು; ವಿದ್ಯಾರ್ಥಿಗಳು ಪಡೆದ ಫಲವನ್ನು ನೋಡಿ ಉಪಾಧ್ಯಾಯರಿಗೆ ಹಣ ಕೊಡುವ ನಿಯಮವೂ ಬಂದಿತು. ಹಾಗಾದ ಮೇಲೆ ಉಪಾಧ್ಯಾಯರು ಪರೀಕ್ಷಕರ ಕಣ್ಣಿಗೆ ಒಪ್ಪುವ ಶುದ್ಧರೇಖೆಯನ್ನೇ ಕಲಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೂ ಸೌತ್ ಕೆನ್ಸಿಂಗ್ಟನ್ ಪದ್ಧತಿಯನ್ನು ಬರಿಯ ಯಾಂತ್ರಿಕತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೂಲಿಕಾರರ ಮಕ್ಕಳಿಗೂ ಸಂಜೆಯ ತರಗತಿಗಳ ಮೂಲಕ ಅದು ವಿದ್ಯೆಯನ್ನು ಒದಗಿಸಿತು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ೧೮೭೩ರಲ್ಲಿ ತೆರೆದ ಪ್ರತಿಕೃತಿಶಾಲೆಗಳಲ್ಲಿ ರೋಮಿನ ಟ್ರಾಜನ್ ಸ್ತಂಭವು ಎರಡು ತುಂಡಾಗಿ ನಿಂತಿದ್ದಿತು. ಸ್ಪೇನಿನ ಸಾಂಟಿಯಾಗೋ ಮಂದಿರದ ಮಹಾದ್ವಾರವು ಪೂರ್ಣಪ್ರಮಾಣದಲ್ಲಿದ್ದಿತು. ಪ್ರವಾಸಕ್ಕೆ ಹಣವಿಲ್ಲದ ವಿದ್ಯಾರ್ಥಿಯು ಅವುಗಳ ಮುಂದೆ ಕುಳಿತು ಬರೆಯಬಹುದಾಗಿದ್ದಿತು. ಓವೆನ್ ಜೋನ್ಸನು ೧೮೫೬ರಲ್ಲಿ ಪ್ರಕಟಿಸಿದ ಅಲಂಕಾರವ್ಯಾಕರಣದ ೧೦೦ ವರ್ಣಫಲಕಗಳನ್ನು ಸಿದ್ಧಪಡಿಸುವುದರಲ್ಲಿ ಅವನ ಶಿಷ್ಯರ ಕೈವಾಡವಿದ್ದಿತು; ವಿನ್ಯಾಸಶಾಲೆಯಲ್ಲಿ ಓದಿದ ಕ್ರಿಸ್ಟಫರ್ ಡ್ರೆಸರನು ಅದಕ್ಕೆ ಸಸ್ಯರೂಪಗಳ ಫಲಕವೊಂದನ್ನು ಬರೆದುಕೊಟ್ಟನು. ಅಲಂಕಾರಕಲೆಗಳು ವಾಸ್ತುವಿನಿಂದ ಹುಟ್ಟಿ ವಾಸ್ತುವಿಗೆ ಅಧೀನವಾಗಿರಬೇಕೆಂಬುದು ಆ ಗ್ರಂಥದ ಮೊದಲನೆಯ ಸೂತ್ರ. ಆದರೆ ಗ್ರಂಥದಲ್ಲಿ ಕಾಣುವುದು ಕಟ್ಟಡದಿಂದ ಬಿಡಿಸಿ ತೆಗೆದ ಅಲಂಕಾರಗಳೇ. ಕಾವ್ಯವನ್ನು ಓದಿಸದೆ ಅಲಂಕಾರಗಳ ಲಕ್ಷ್ಯಪದ್ಯಗಳನ್ನು ಮಾತ್ರ ಬಾಯಿಪಾಠ ಮಾಡಿಸಿದರೆ ಆಗುವ ಲಾಭನಷ್ಟಗಳು ಯಾವುವೋ ಅವೇ ಇಲ್ಲಿಯೂ ಆದವು.

೪

ಶುದ್ಧರೇಖೆಯ ಅಭ್ಯಾಸವು ಕಾಗದದ ಮೇಲೆಯೇ ನಿಂತಿದ್ದರೆ ಅದರಿಂದ ದೊಡ್ಡ ಕೇಡಾಗುತ್ತಿರಲಿಲ್ಲ. ಆದರೆ ಅದೇ ಕಾಲದಲ್ಲಿ ಇಂಗ್ಲೆಂಡಿನ ಹಳೆಯ ಇಗರ್ಜಿಗಳ ಜೀರ್ಣೋದ್ಧಾರವು ಭರದಿಂದ ನಡೆಯುತ್ತಿದ್ದಿತು. ಒಂದು ಕಟ್ಟಡವು ಯಾವ ಶತಮಾನದಲ್ಲಿ ಉತ್ತಮಸ್ಥಿತಿಯಲ್ಲಿದ್ದಿತೆಂದು ವಾಸ್ತುಶಿಲ್ಪಿಗೆ ತೋರುವುದೋ ಆ ಸ್ಥಿತಿಗೆ ಅದನ್ನು ಮರಳಿಸುವುದಕ್ಕಾಗಿ ತರುವಾಯದ ಕಾಲದ ಭಾಗಗಳನ್ನು ಕಿತ್ತು, ಸವೆದ ಕಲ್ಲನ್ನು ಕೆತ್ತಿ, ಇಲ್ಲದುದನ್ನು ಮಾದರಿಗ್ರಂಥಗಳ ಆಧಾರದಿಂದ ಹೊಸದಾಗಿ ಮಾಡಿಸುತ್ತಿದ್ದರು. ತುಂಬಿ ತಿದ್ದುವ ಲಿಪಿಕಾರನು ಇಲ್ಲಿ ಮೂಲದ ಓಲೆಯನ್ನೇ ಕೆರೆದು ಬರೆಯತೊಡಗಿದನು.

ಈ ಕೆಲಸದಲ್ಲಿ ಉಮೇದುವಾರರಾಗಿ ತೊಡಗಿದ್ದು, ಮುಂದೆ ಅದಕ್ಕೆ ವಿರೋಧವಾಗಿ ನಿಂತ ಇಬ್ಬರು ಆಂಗ್ಲಸಾಹಿತ್ಯದ ವ್ಯಾಸಂಗಿಗಳಿಗೆ ಪರಿಚಿತರೇ. ವಿಲಿಯಂ ಮಾರಿಸನು ೧೮೫೬ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾರ್ಜ್ ಎಡ್ಮಂಡ್ ಸ್ಟ್ರೀಟನ ಕಚೇರಿಯನ್ನು ಸೇರಿದನು. ಕ್ಯಾಂಟರ್ಬರಿಯ ಹಳೆಯ ದ್ವಾರವೊಂದರ ಚಿತ್ರವನ್ನು ನಕಲು ಮಾಡುವ ಕೆಲಸ ಅವನಿಗೆ ಬಂದಿತು. ಆ ಕಮಾನಿನ ಅನೇಕ ಪದರಗಳನ್ನು ಎಳೆದೆಳೆದು, ಕೈವಾರದ ಮೊನೆ ಹಲಗೆಯನ್ನೇ ತೂತುಮಾಡುವಷ್ಟು ಅವನು ಪಾಡುಪಟ್ಟನೆಂದು ಅಲ್ಲಿ ಅವನ ಜೊತೆಗಾರನಾಗಿದ್ದ ಫಿಲಿಪ್ ವೆಬ್ಬನ ನೆನಪು. ಮಾರಿಸನು ಅದೇ ವರ್ಷ ವಾಸ್ತುವೃತ್ತಿಯನ್ನು ಬಿಡಲು ನಿರ್ಧರಿಸಿದನು. ಆದರೆ ೧೮೭೭ರಲ್ಲಿ ಟ್ಯೂಕ್ಸ್‌ಬರಿಯ ಮಂದಿರದ ಜೀರ್ಣೋದ್ಧಾರದ ಸುದ್ದಿಯನ್ನು ಕೇಳಿದಾಗ ಪ್ರಾಚೀನ ಕಟ್ಟಡಗಳ ಸಂರಕ್ಷಣೆಯ ಸಂಘವನ್ನು ಕಟ್ಟಿದವನು ಅವನೇ. ಹಳೆಯ ಕಟ್ಟಡವನ್ನು ದುರಸ್ತಿ ಮಾಡಬಹುದು, ಬೀಳದಂತೆ ಆಧಾರ ಕೊಡಬಹುದು, ಹಿಂದಿನ ಕಾಲದ ರೂಪವನ್ನು ಊಹಿಸಿ ತಂದು ತೊಡಿಸಬಾರದು ಎಂಬುದು ಆ ಸಂಘದ ನಿಲುವು.

ಕಾದಂಬರಿಕಾರ ಥಾಮಸ್ ಹಾರ್ಡಿಯು ೧೮೫೬ರಲ್ಲಿ ಡಾರ್ಚೆಸ್ಟರಿನ ವಾಸ್ತುಶಿಲ್ಪಿಯೊಬ್ಬನಲ್ಲಿ ಉಮೇದುವಾರನಾಗಿ ಸೇರಿ, ೧೮೬೨ರಲ್ಲಿ ಲಂಡನ್ನಿನ ಆರ್ಥರ್ ಬ್ಲಾಮ್‌ಫೀಲ್ಡನ ಕಚೇರಿಗೆ ಹೋದನು. ೧೮೭೦ರಲ್ಲಿ ಕಾರ್ನ್‌ವಾಲ್ ಪ್ರಾಂತದ ಸೇಂಟ್ ಜೂಲಿಯಟ್ ಎಂಬಲ್ಲಿಯ ಶಿಥಿಲವಾದ ಇಗರ್ಜಿಯನ್ನು ಅಳೆದು ಬರೆದುಕೊಂಡು ಬರಲು ಅವನನ್ನು ಕಳುಹಿಸಿದರು. ಅಲ್ಲಿಯೇ ತನ್ನ ಭಾವೀ ಪತ್ನಿಯನ್ನು ಅವನು ಕಂಡುದು ಅವನ ಜೀವನಚರಿತ್ರೆಯನ್ನು ಓದಿದವರಿಗೆಲ್ಲ ತಿಳಿದಿದೆ. ಆ ಇಗರ್ಜಿಯ ಹಳೆಯ ಭಾಗಗಳು ಬಹುಮಟ್ಟಿಗೆ ಕೆಡವಲ್ಪಟ್ಟವು. ಎಂತಹ ಕೆಲಸದಲ್ಲಿ ತಾನು ಪಾಲುಗಾರನಾದೆನೆಂಬ ವ್ಯಥೆ ಅವನನ್ನು ಬಿಡಲಿಲ್ಲ. ೧೯೦೬ರಲ್ಲಿ ಮಾರಿಸನು ಸ್ಥಾಪಿಸಿದ ಸಂಘಕ್ಕಾಗಿ ಬರೆದ ಪ್ರಬಂಧದಲ್ಲಿ ಇಗರ್ಜಿಗಳ ಜೀರ್ಣೋದ್ಧಾರದ ತನ್ನ ನೆನಪುಗಳನ್ನು ಪಶ್ಚಾತ್ತಾಪದಿಂದ ಹೇಳಿಕೊಂಡನು. ಕೆಡವುವುದಕ್ಕೆ ಮುಂಚೆ ಯುವಕನೊಬ್ಬನು ಇದ್ದುದನ್ನು ಇದ್ದಂತೆ ಬರೆದ ಹಾಳೆಯೇ ಅಂತಹ ಕಟ್ಟಡಗಳಿಗೆ ಉಳಿಯುವ ಪಾಠ.

೫

ನಿಷ್ಠವಾದ ಪ್ರತಿಯ ಪ್ರಶ್ನೆಯನ್ನು ಎಲ್ಲರಿಗಿಂತ ಆಳವಾಗಿ ಆಲೋಚಿಸಿದವನು ಜಾನ್ ರಸ್ಕಿನ್. ೧೮೪೯ರಲ್ಲಿ ಪ್ರಕಟವಾದ ವಾಸ್ತುವಿನ ಏಳು ದೀಪಗಳೆಂಬ ಗ್ರಂಥದಲ್ಲಿ ಅವನು ಪೀಸಾ ನಗರದ ಮಹಾಮಂದಿರದ ಮುಖಭಾಗವನ್ನು ಅಳೆದು, ಕಣ್ಣಿಗೆ ಸಮವೆಂದು ತೋರುವ ಕಮಾನುಗಳು ಅಳತೆಯಲ್ಲಿ ಸಮವಾಗಿಲ್ಲವೆಂದು ತೋರಿಸಿದನು. ಅವನ ಮತದಲ್ಲಿ ಆ ವಿಷಮತೆ ದೋಷವಲ್ಲ, ಕಟ್ಟಿದ ಕೈಗಳಲ್ಲಿ ಜೀವವಿದ್ದುದರ ಗುರುತು. ಹಾಗಾದರೆ ಕೈವಾರದಿಂದ ಅದನ್ನು ಸಮಮಾಡಿ ಬರೆಯುವ ವಿದ್ಯಾರ್ಥಿಯು ಕಟ್ಟಡದಲ್ಲಿ ಮುಖ್ಯವಾದುದನ್ನೇ ಅಳಿಸಿಹಾಕಿದಂತಾಯಿತು. ಇಲ್ಲಿ ಗಮನಾರ್ಹವಾದ ಅಂಶವೆಂದರೆ, ರಸ್ಕಿನ್ನನು ಅಳತೆಗೆ ವಿರೋಧಿಯಾಗಿರಲಿಲ್ಲ. ಒಂದನ್ನು ಅಳೆದು ಒಂಬತ್ತನ್ನು ಊಹಿಸುವುದಕ್ಕೆ ಅವನು ವಿರೋಧಿ. ಹತ್ತನ್ನೂ ಅಳೆಯಬೇಕೆಂಬುದು ಅವನ ಹಟ.

೧೮೫೪ರಲ್ಲಿ ಲಂಡನ್ನಿನಲ್ಲಿ ಕಾರ್ಮಿಕರ ಕಾಲೇಜು ಸ್ಥಾಪಿತವಾದಾಗ ರಸ್ಕಿನ್ನನು ಅಲ್ಲಿ ಚಿತ್ರಲೇಖನವನ್ನು ಕಲಿಸಲು ಮುಂದಾದನು. ಕವಿಯೂ ಚಿತ್ರಕಾರನೂ ಆದ ರೊಸೆಟ್ಟಿಯು ಅವನ ಸಹೋಪಾಧ್ಯಾಯರಲ್ಲೊಬ್ಬ. ೧೮೫೭ರ ಚಿತ್ರಲೇಖನದ ಮೂಲತತ್ತ್ವಗಳೆಂಬ ಪುಸ್ತಕವು ಆ ಅನುಭವದ ಫಲ. ಸೌತ್ ಕೆನ್ಸಿಂಗ್ಟನ್ನಿನವರು ಹೊರರೇಖೆಯಿಂದ ಆರಂಭಿಸಿದರೆ ಇವನು ಛಾಯೆಯಿಂದ ಆರಂಭಿಸಿದನು. ಅವರು ಅಚ್ಚಿನ ಅಲಂಕಾರವನ್ನು ಮುಂದಿಟ್ಟರೆ ಇವನು ಬೀದಿಯಲ್ಲಿ ಬಿದ್ದ ಗುಂಡುಕಲ್ಲನ್ನು ಮುಂದಿಟ್ಟನು. ಅವನ ಗುರಿ ಶಿಷ್ಯರನ್ನು ಚಿತ್ರಕಾರರನ್ನಾಗಿ ಮಾಡುವುದಲ್ಲ, ನೋಡಬಲ್ಲವರನ್ನಾಗಿ ಮಾಡುವುದು.

ಆ ಕಾಲೇಜಿನ ಶಿಷ್ಯರಲ್ಲೊಬ್ಬನಾದ ಜಾನ್ ಬನ್ನೀ ಎಂಬವನು ಮುಂದೆ ಇಟಲಿಯಲ್ಲಿ ನೆಲಸಿ, ರಸ್ಕಿನ್ನನ ಪ್ರೇರಣೆಯಿಂದ ವೆನಿಸ್ ನಗರದ ಸಂತ ಮಾರ್ಕನ ಮಂದಿರದ ಪಶ್ಚಿಮಮುಖವನ್ನು ೧೮೭೭ರಿಂದ ೧೮೮೨ರವರೆಗೆ ಒಂದೇ ಚಿತ್ರಪಟದಲ್ಲಿ ಬರೆದನು. ಅಷ್ಟು ಕಾಲ ಹಿಡಿದುದಕ್ಕೂ ಕಾರಣವಿದೆ. ಆ ವೇಳೆಗೆ ಮಂದಿರದ ದಕ್ಷಿಣಮುಖದ ಜೀರ್ಣೋದ್ಧಾರ ನಡೆದು, ಹಳೆಯ ಅಮೃತಶಿಲೆಯ ಬಣ್ಣವೂ ಸವೆತವೂ ಹೋಗಿ ಅದು ಹೊಸದಾಗಿ ಹೊಳೆಯುತ್ತಿದ್ದಿತು. ಪಶ್ಚಿಮಮುಖಕ್ಕೂ ಅದೇ ಗತಿ ಬರುವುದೆಂಬ ಭಯದಿಂದ ರಸ್ಕಿನ್ನನೂ ಮಾರಿಸನ ಸಂಘದವರೂ ಪ್ರತಿಭಟಿಸಿದರು. ಪ್ರತಿಭಟನೆ ವಿಫಲವಾದರೆ ಮುಂದಿನವರಿಗೆ ಪ್ರಮಾಣವಾಗಿರಲೆಂದು ಬನ್ನೀ ಕಲ್ಲು ಕಲ್ಲನ್ನೂ ಅದರ ಬಣ್ಣ ಬಿರುಕುಗಳೊಡನೆ ಬರೆದಿಟ್ಟನು. ಚಿತ್ರ ಮುಗಿದ ೧೮೮೨ರಲ್ಲಿಯೇ ಅವನು ತೀರಿಕೊಂಡನು. ಪಟವು ರಸ್ಕಿನ್ನನು ಶೆಫೀಲ್ಡಿನಲ್ಲಿ ಸ್ಥಾಪಿಸಿದ ಸಂಗ್ರಹಕ್ಕೆ ಸೇರಿತು. ಇದನ್ನು ಕಲಾಕೃತಿಯೆಂದು ನೋಡುವವರಿಗೆ ಸ್ವಂತಿಕೆ ಸಾಲದೆಂದು ತೋರಬಹುದು. ಆದರೆ ಲಿಪಿಕಾರನಲ್ಲಿ ನಾವು ಸ್ವಂತಿಕೆಯನ್ನು ಅಪೇಕ್ಷಿಸುವುದಿಲ್ಲವಷ್ಟೆ.

೬

ಎರಡು ಪದ್ಧತಿಗಳೂ ಒಬ್ಬನಲ್ಲಿ ಕೂಡಿ ಫಲ ಕೊಟ್ಟುದಕ್ಕೆ ಗ್ಲಾಸ್ಗೋ ನಗರದ ಚಾರ್ಲ್ಸ್ ರೆನೀ ಮ್ಯಾಕಿಂಟಾಷನು ನಿದರ್ಶನ. ೧೮೬೮ರಲ್ಲಿ ಹುಟ್ಟಿದ ಈತನು ೧೮೮೩ರಿಂದ ಗ್ಲಾಸ್ಗೋ ಕಲಾಶಾಲೆಯ ಸಂಜೆಯ ತರಗತಿಗಳಿಗೆ ಹೋಗುತ್ತ, ಹಗಲು ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ದುಡಿದನು. ಸೌತ್ ಕೆನ್ಸಿಂಗ್ಟನ್ ಪಾಠಕ್ರಮದಲ್ಲಿಯೇ ಬೆಳೆದು ೧೮೯೨ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಚಿನ್ನದ ಪದಕವನ್ನು ಪಡೆದನು. ಅದಕ್ಕೆ ಮೊದಲು, ೧೮೯೦ರಲ್ಲಿ ಅಲೆಗ್ಸಾಂಡರ್ ಟಾಮ್ಸನ್ ಪ್ರವಾಸವೇತನವನ್ನು ಗೆದ್ದು, ೧೮೯೧ರಲ್ಲಿ ನೇಪಲ್ಸ್, ಪಾಲರ್ಮೊ, ರೋಮ್, ಫ್ಲಾರೆನ್ಸ್, ವೆನಿಸ್ ಮೊದಲಾದ ಊರುಗಳನ್ನು ಸುತ್ತಿ ಕಟ್ಟಡಗಳನ್ನು ಬರೆದುಕೊಂಡನು. ಇಷ್ಟೆಲ್ಲ ನಕಲು ಮಾಡಿದವನು ತನ್ನ ಕಲಾಶಾಲೆಗೇ ೧೮೯೬ರಲ್ಲಿ ರಚಿಸಿದ ಕಟ್ಟಡವು ಯಾವ ಹಳೆಯದರ ನಕಲೂ ಆಗಿರಲಿಲ್ಲ. ಕಟ್ಟಡವನ್ನು ಅಳೆದು ತಿಳಿದವನಿಗೆ ಅದರ ಮಾತನ್ನು ಮತ್ತೆ ಹೇಳಬ��ಕಾದ ಅಗತ್ಯವಿಲ್ಲ. ಆ ಭಾಷೆಯಲ್ಲಿ ತನ್ನ ಮಾತನ್ನು ಆಡಬಲ್ಲನು. ವ್ಯಾಕರಣವನ್ನೂ ಪೂರ್ವಕವಿಗಳನ್ನೂ ಕಲಿತ ಕವಿಯ ವಿಷಯದಲ್ಲಿ ನಾವು ಹೇಳುವುದೂ ಇದನ್ನೇ ಅಲ್ಲವೆ?

ಈ ವಿದ್ಯೆಯ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ೧೮೪೨ರಲ್ಲಿಯೇ ಸ್ತ್ರೀಯರಿಗಾಗಿ ಪ್ರತ್ಯೇಕವಾದ ವಿನ್ಯಾಸಶಾಲೆ ಆರಂಭವಾಗಿ, ಸಾವಿರಾರು ಸ್ತ್ರೀಯರು ಅಲಂಕಾರಲೇಖನವನ್ನು ಕಲಿತರೂ ಕಟ್ಟಡದ ಕೆಲಸ ಅವರಿಗೆ ನಿಲುಕದಾಯಿತು. ೧೮೪೭ರಲ್ಲಿ ಉಮೇದುವಾರರೇ ಕೂಡಿ ಕಟ್ಟಿಕೊಂಡ ವಾಸ್ತುಸಂಘವು ಎತೆಲ್ ಚಾರ್ಲ್ಸ್ ಮತ್ತು ಬೆಸ್ಸಿ ಚಾರ್ಲ್ಸ್ ಎಂಬ ಸೋದರಿಯರನ್ನು ೧೮೯೩ರಲ್ಲಿ ಒಳಗೆ ಬಿಡಲಿಲ್ಲ. ಎತೆಲಳು ೧೮೯೮ರಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಜಕೀಯ ಸಂಸ್ಥೆಯ ಸದಸ್ಯತ್ವವನ್ನು ಪಡೆದ ಮೊದಲನೆಯ ಸ್ತ್ರೀಯಾದಳು.

೭

ಸೌತ್ ಕೆನ್ಸಿಂಗ್ಟನ್ನಿನ ಪಾಠಕ್ರಮವು ಬ್ರಿಟಿಷರ ಆಳಿಕೆಯೊಡನೆ ಭಾರತಕ್ಕೂ ಬಂದಿತು. ಮದರಾಸಿನಲ್ಲಿ ೧೮೫೦ರಲ್ಲಿ, ಕಲ್ಕತ್ತೆಯಲ್ಲಿ ೧೮೫೪ರಲ್ಲಿ, ಮುಂಬಯಿಯಲ್ಲಿ ೧೮೫೭ರಲ್ಲಿ, ಲಾಹೋರಿನಲ್ಲಿ ೧೮೭೫ರಲ್ಲಿ ಕಲಾಶಾಲೆಗಳು ಆರಂಭವಾದವು. ಕವಿ ರಡ್ಯಾರ್ಡ್ ಕಿಪ್ಲಿಂಗನ ತಂದೆಯಾದ ಲಾಕ್‌ವುಡ್ ಕಿಪ್ಲಿಂಗನು ೧೮೬೫ರಲ್ಲಿ ಮುಂಬಯಿಯ ಶಾಲೆಗೆ ವಾಸ್ತುಶಿಲ್ಪದ ಕೆತ್ತನೆಯ ಅಧ್ಯಾಪಕನಾಗಿ ಬಂದು, ೧೮೭೫ರಲ್ಲಿ ಲಾಹೋರಿನ ಶಾಲೆಯ ಮುಖ್ಯಸ್ಥನಾದನು. ಮುಂಬಯಿಯ ವಿದ್ಯಾರ್ಥಿಗಳು ೧೮೬೮ರಲ್ಲಿ ಕಲ್ಯಾಣದ ಹತ್ತಿರದ ಅಂಬರನಾಥ ದೇವಾಲಯದ ಚಿತ್ರಗಳನ್ನೂ ಅಚ್ಚುಗಳನ್ನೂ ತೆಗೆದರು. ಹೆನ್ರಿ ಕೋಲನ ಮಗನಾದ ಹೆನ್ರಿ ಹಾರ್ಡಿ ಕೋಲನು ೧೮೬೯–೭೦ರಲ್ಲಿ ಸಾಂಚಿಯ ಪೂರ್ವತೋರಣದ ಅಚ್ಚನ್ನು ತೆಗೆಯಿಸಿದನು. ಅದರ ಪೂರ್ಣಪ್ರಮಾಣದ ಪ್ರತಿಕೃತಿಯು ಸೌತ್ ಕೆನ್ಸಿಂಗ್ಟನ್ನಿನಲ್ಲಿ ನಿಂತಿತು.

ಜಯಪುರದಲ್ಲಿ ಸ್ವಿಂಟನ್ ಜೇಕಬನು ೧೮೯೦ರಿಂದ ಪ್ರಕಟಿಸಿದ ವಾಸ್ತುವಿವರಗಳ ಸಂಪುಟಗಳು ಈ ಪರಂಪರೆಯಲ್ಲಿ ವಿಶಿಷ್ಟವಾದುವು. ಕಂಬದ ಬೋದಿಗೆ, ಕಮಾನು, ಕಟಾಂಜನ, ಬಾಗಿಲು, ಛತ್ರಿ, ಝರೋಖಾ ಹೀಗೆ ಅಂಗಾಂಗಗಳಾಗಿ ವಿಂಗಡಿಸಿದ ೧೨ ಭಾಗಗಳು. ಕೊನೆಯದು ೧೯೧೩ರಲ್ಲಿ ಹೊರಬಿದ್ದಿತು. ಫಲಕಗಳನ್ನು ಬರೆದವರು ದೇಶೀಯ ನಕ್ಷೆಗಾರರು. ಹೊಲಿಗೆ ಹಾಕದ ಬಿಡಿ ಹಾಳೆಗಳಾಗಿ ಇವನ್ನು ಮುದ್ರಿಸಿದುದಕ್ಕೆ ಕಾರಣ, ಕೆಲಸಗಾರನು ಬೇಕಾದ ಹಾಳೆಯನ್ನು ಎತ್ತಿ ಮುಂದಿಟ್ಟುಕೊಂಡು ಕೆತ್ತಬೇಕೆಂಬುದು. ಪ್ಯೂಜಿನ್ನನ ಗ್ರಂಥದಂತೆಯೇ ಇದೂ ಮಾದರಿಯೂ ದಾಖಲೆಯೂ ಆದ ಇಬ್ಬಗೆಯ ಕೃತಿ. ಲಾಹೋರಿನ ಶಾಲೆಯ ವಿದ್ಯಾರ್ಥಿಯಾಗಿದ್ದ ಭಾಯಿ ರಾಮ್ ಸಿಂಗನು ಇಂಗ್ಲೆಂಡಿಗೆ ಹೋಗಿ ರಾಣಿಯ ಆಸ್ಬರ್ನ್ ಅರಮನೆಯ ದರ್ಬಾರು ಕೊಠಡಿಯನ್ನು ಅಲಂಕರಿಸಿ, ಮುಂದೆ ತನ್ನ ಶಾಲೆಗೇ ಮುಖ್ಯಸ್ಥನಾದನು. ಇಂತಹ ಕೀರ್ತಿ ದೊರೆತವರು ಬೆರಳಲ್ಲಿ ಎಣಿಸುವಷ್ಟು ಮಂದಿ.

ಕನ್ನಡನಾಡಿನ ಕಟ್ಟಡಗಳ ಚಿತ್ರಲೇಖನವು ಕಲಾಶಾಲೆಗಳ ಆರಂಭದ ಕಾಲದಲ್ಲಿಯೇ ತೊಡಗಿತು. ವಿಜಯಾಪುರದ ಆದಿಲಶಾಹಿ ಕಟ್ಟಡಗಳ ಅಳತೆಚಿತ್ರಗಳು ಫರ್ಗುಸನ್ನನ ಸಂಪಾದಕತ್ವದಲ್ಲಿ ೧೮೫೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಮುಖಪತ್ರದಲ್ಲಿ ಕ್ಯಾಪ್ಟನ್ ಹಾರ್ಟನ ಹೆಸರೂ ಅವನ ಸಹಾಯಕನಾದ ಕಮ್ಮಿಂಗನ ಹೆಸರೂ ಇವೆ. ಅವರೊಡನೆ ದುಡಿದ ಮಿಕ್ಕವರನ್ನು ದೇಶೀಯ ನಕ್ಷೆಗಾರರೆಂದು ಒಟ್ಟಾಗಿ ಹೇಳಿ ಮುಗಿಸಿದೆ. ೧೮೬೬ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವನ್ನು ಕುರಿತು ಛಾಯಾಚಿತ್ರಗಳ ದೊಡ್ಡ ಗ್ರಂಥವು ಹೊರಬಂದಿತು. ಛಾಯಾಚಿತ್ರವು ಬಂದ ಮೇಲೆ ಚಿತ್ರಗಾರನ ಕೆಲಸ ಮುಗಿಯಿತೆಂದು ತೋರಬಹುದು. ಆದರೆ ಹೊಯ್ಸಳ ದೇವಾಲಯದ ನಕ್ಷತ್ರಾಕಾರದ ತಳವಿನ್ಯಾಸವನ್ನಾಗಲಿ, ಗೋಳಗುಮ್ಮಟದ ಭಾರವನ್ನು ಹೊತ್ತ ಕಮಾನುಗಳ ಹೆಣಿಗೆಯನ್ನಾಗಲಿ ಯಾವ ಛಾಯಾಚಿತ್ರವೂ ತೋರಿಸಲಾರದು. ಅದಕ್ಕೆ ಅಳೆದ ತಳವಿನ್ಯಾಸವೂ ಛೇದಚಿತ್ರವೂ ಬೇಕು. ಆದುದರಿಂದಲೇ ಬರ್ಜೆಸನು ೧೮೭೪ರಲ್ಲಿ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಶೋಧನೆ ನಡೆಸಿ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ವಿವರಣೆಯನ್ನು ಚಿತ್ರಸಹಿತವಾಗಿ ಪ್ರಕಟಿಸಿದನು. ಅದೇ ದಾರಿಯಲ್ಲಿ ನಡೆದ ಕಸಿನ್ಸನ ವಿಜಯಾಪುರದ ಗ್ರಂಥವು ೧೯೧೬ರಲ್ಲಿಯೂ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ಗ್ರಂಥವು ೧೯೨೬ರಲ್ಲಿಯೂ ಬಂದವು. ನಮ್ಮ ದೇವಾಲಯಗಳನ್ನು ಕುರಿತು ಬರೆಯುವ ಇಂದಿನ ವಿದ್ವಾಂಸರೂ ಈ ಫಲಕಗಳನ್ನು ನೋಡದೆ ಮುಂದೆ ಹೋಗಲಾರರು.

ಶಾಸನವನ್ನು ಕೊರೆದ ರೂವಾರಿಯ ಹೆಸರೂ, ಬೇಲೂರಿನ ಮದನಿಕೆಯ ಪೀಠದ ಮೇಲೆ ಶಿಲ್ಪಿಯ ಹೆಸರೂ ಬಿರುದೂ ನಮಗೆ ದೊರೆಯುತ್ತವೆ. ಏಳೆಂಟು ನೂರು ವರ್ಷಗಳ ತರುವಾಯ ಬಂದು ಅದೇ ಕಲ್ಲುಗಳನ್ನು ಅಳೆದು ಕಾಗದಕ್ಕೆ ಇಳಿಸಿದವನ ಹೆಸರು ಮುಖಪತ್ರಕ್ಕೆ ಬರಲಿಲ್ಲ. ಶಾಲೆಯ ವಿದ್ಯಾರ್ಥಿಯನ್ನೂ ಕಚೇರಿಯ ಉಮೇದುವಾರನನ್ನೂ ನಕ್ಷೆಗಾರನನ್ನೂ ಕೈಯೆಂದು ಎಣಿಸಿದರೇ ಹೊರತು ಕಣ್ಣೆಂದು ಎಣಿಸಲಿಲ್ಲ. ನಿಷ್ಠವಾದ ಪ್ರತಿಯೆಂದರೆ ಬುದ್ಧಿಯಿಲ್ಲದ ಕೆಲಸವೆಂಬ ಭಾವನೆ ಇದಕ್ಕೆ ಮೂಲ. ಸಾವಿರ ಕಡೆ ತಿದ್ದಬಹುದಾಗಿದ್ದರೂ ತಿದ್ದದೆ ಬಿಡುವುದಕ್ಕೆ ಎಷ್ಟು ವಿವೇಕ ಬೇಕೆಂಬುದನ್ನು ಗ್ರಂಥಸಂಪಾದಕರು ಬಲ್ಲರು.

೮

ಮ್ಯಾಕಿಂಟಾಷನ ಕಲಾಶಾಲೆಯ ಕಟ್ಟಡವು ಎರಡು ಹಂತಗಳಲ್ಲಿ ೧೯೦೯ರ ವೇಳೆಗೆ ಪೂರ್ತಿಯಾಗಿ, ನೂರು ವರ್ಷಗಳಿಗಿಂತ ಹೆಚ್ಚು ಕಾಲ ವಿದ್ಯಾರ್ಥಿಗಳ ಬಳಕೆಯಲ್ಲಿದ್ದಿತು. ೨೦೧೪ನೆಯ ಮೇ ತಿಂಗಳಿನಲ್ಲಿ ಬೆಂಕಿ ಬಿದ್ದು ಅದರ ಪ್ರಸಿದ್ಧವಾದ ಪುಸ್ತಕಭಂಡಾರವು ಸುಟ್ಟುಹೋಯಿತು. ಮರುನಿರ್ಮಾಣವು ನಡೆಯುತ್ತಿದ್ದಾಗಲೇ ೨೦೧೮ನೆಯ ಜೂನ್ ತಿಂಗಳಿನಲ್ಲಿ ಎರಡನೆಯ ಸಲ ಬೆಂಕಿ ಬಿದ್ದು ಒಳಭಾಗವೆಲ್ಲ ನಾಶವಾಯಿತು. ಅದನ್ನು ಮತ್ತೆ ಕಟ್ಟಬೇಕೆ, ಕಟ್ಟಿದರೆ ಅದು ಮ್ಯಾಕಿಂಟಾಷನದಾಗುವುದೆ ಎಂಬ ವಾದದಲ್ಲಿ ರಸ್ಕಿನ್ ಮಾರಿಸರ ಹಳೆಯ ಪ್ರಶ್ನೆಯೇ ಮತ್ತೆ ತಲೆಯೆತ್ತಿತು. ಪಕ್ಷ ಯಾವುದಾದರೂ ವಾದಕ್ಕೆ ಆಧಾರವಾಗಿರುವುದು ಮೂಲದ ನಕ್ಷೆಗಳೂ ಕಟ್ಟಡವು ನಿಂತಿದ್ದಾಗ ತೆಗೆದ ಅಳತೆಗಳೂ ಚಿತ್ರಗಳೂ.

ಇದುವರೆಗಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ವಿಕ್ಟೋರಿಯಾ ಕಾಲದ ಕಲಾಶಾಲೆಗಳು ತಾವು ಉದ್ದೇಶಿಸಿದ ಅಲಂಕಾರಗಾರರನ್ನು ಎಷ್ಟರಮಟ್ಟಿಗೆ ತಯಾರಿಸಿದವೆಂಬುದು ವಾದಾಸ್ಪದ. ಪದಕ ಗೆದ್ದ ಚುಕ್ಕಿಚಿತ್ರಗಳನ್ನು ಇಂದು ಆದರದಿಂದ ನೋಡುವವರು ಕಡಮೆ. ಅವರ ಶಿಕ್ಷಣದಲ್ಲಿ ಕೀಳೆಂದು ಎಣಿಸಲ್ಪಟ್ಟ ಪ್ರತಿಲೇಖನದ ಕೆಲಸವೇ ನಿಷ್ಠೆಯಿಂದ ಮಾಡಿದೆಡೆಯಲ್ಲೆಲ್ಲ ಚಿರಸ್ಥಾಯಿಯಾಗಿ ನಿಂತಿದೆ. ಆ ನಿಷ್ಠೆಯು ಕೈವಾರದಿಂದಲೂ ಬರಲಿಲ್ಲ, ಕೈವಾರವನ್ನು ಬಿಟ್ಟುದರಿಂದಲೂ ಬರಲಿಲ್ಲ. ಹತ್ತು ಕಮಾನುಗಳಿದ್ದರೆ ಹತ್ತನ್ನೂ ಅಳೆಯಬೇಕೆಂಬ ಮನಸ್ಸಿನಿಂದ ಬಂದಿತು. ನಮ್ಮ ನಾಡಿನ ಊರೂರುಗಳಲ್ಲಿ ಯಾರೂ ಅಳೆಯದ ಗುಡಿಗಳು, ಬಸದಿಗಳು, ಮಸೀದಿಗಳು ಇನ್ನೂ ಎಷ್ಟೋ ಇವೆ. ಜೀರ್ಣೋದ್ಧಾರದ ಉತ್ಸಾಹವೂ ಎಲ್ಲೆಡೆಯಲ್ಲಿದೆ. ಸುಣ್ಣ ಬಣ್ಣಗಳೂ ಹೊಸ ಕಲ್ಲುಗಳೂ ಅವನ್ನು ಮುಚ್ಚುವುದಕ್ಕೆ ಮೊದಲು ನಮ್ಮ ಕಲಾಶಾಲೆಗಳ ವಿದ್ಯಾರ್ಥಿಗಳು ಅಳತೆಪಟ್ಟಿಯನ್ನು ಹಿಡಿದು ಅಲ್ಲಿಗೆ ಹೋಗಿ ಇದ್ದುದನ್ನು ಇದ್ದಂತೆ ಬರೆದಿಟ್ಟು, ಹಾಳೆಯ ಕೆಳಗೆ ತಮ್ಮ ಹೆಸರನ್ನೂ ಬರೆದರೆ, ಮುಂದಿನ ಸಂಪಾದಕರಿಗೆ ಮೂಲಪ್ರತಿಯೊಂದು ದೊರೆತಂತಾಗುವುದು.